ಕಾಲುಸಂಕ ಕೇಳಿದ ಮಕ್ಕಳು

ಸಂಸೆ ಗೊತ್ತಾ ನಿಮಗೆ? ಕುದುರೆಮುಖ ಚಾರಣಕ್ಕೆ ಹೋದವರಿಗೆ ಗೊತ್ತಿರುತ್ತೆ. ಕಳಸದಿಂದ ಕುದುರೆಮುಖದ ದಾರಿ ಹಿಡಿದರೆ ಮೊದಲು ಕಾಫಿ, ಅಡಿಕೆ, ಆಮೇಲೆ ಗುಡ್ಡದ ಮೈತುಂಬ ಟೀ ತೋಟ. ಅಲ್ಲಿಂದ ಬಾಳೆಗಲ್, ಮುಳ್ಳೋಡಿ ಕಡೆಗೆ ಜೀಪಿನಲ್ಲಿ ಸೊಂಟ ಹಿಡಿದುಕೊಂಡು ಹೋಗಬೇಕು.

ಆ ಜೀಪು ಓಡಿಸುವ ಹುಡುಗರು, ತೋಟದ ಲೈನ್ ಮನೆಗಳಲ್ಲಿ ಬೆಳೆದು ಈಗ ಕಾಲೇಜಿಗೆ ಹೋಗುತ್ತಿರುವ ಹುಡುಗಿಯರು, ಹೋಮ್‌ಸ್ಟೇ ಅಡುಗೆಮನೆಯಲ್ಲಿ ದುಡಿಯುವವರು, ಹೀಗೆ ಒಂದು ಮೂವತ್ತು–ನಲವತ್ತು ಜನರ ತರಬೇತಿಗೆ ನನ್ನನ್ನು ಕರೆದಿದ್ದರು. ‘ಯುವಜನರ ಸಹಭಾಗಿತ್ವ’ ಅನ್ನೋದು ವಿಷಯ. ಟಿವಿಯವರು ಬಂದರೆ ಧೈರ್ಯವಾಗಿ ಮಾತಾಡೋದು ಹೇಗೆ ಅಂತ ಹೇಳಿಕೊಡ್ತಾರೆ ಎಂಬುದು ಕರೆದವರ ಲೆಕ್ಕಾಚಾರ. ಎಂಜಿನಿಯರಿಂಗ್ ಓದಿದವರ ಚಾಳಿಯಂತೆ ನಾನು ಇಪ್ಪತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಹೋದಾಗ ಕರೆಂಟಿಲ್ಲ. ಸ್ಲೈಡಿಲ್ಲದೆ ಅರ್ಧ ಗಂಟೆ ಮಾತಾಡಿದೆ.

ಹಿಂದಿನ ಸಾಲಿನಿಂದ ಒಬ್ಬ ಜೀಪ್ ಡ್ರೈವರ್ ಎದ್ದು ನಿಂತ. “ಮಾತಾಡಕ್ಕೆ ನಮಗೆ ಕಲಿಸ್ತೀರಿ, ಸರಿ. ಕೇಳುವವರಿಗೆ ಎಂತ ಟ್ರೈನಿಂಗ್ ಉಂಟು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ಟುಡಿಯೋದಲ್ಲಾದರೆ ಇಂಥ ಹೊತ್ತಿಗೆ ಬ್ರೇಕ್ ಅನ್ನಬಹುದು. ಅಲ್ಲಿ ಆ ಅನುಕೂಲ ಇರಲಿಲ್ಲ.

ವಾಪಸ್ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಹುಡುಕುತ್ತಾ ಹೋದರೆ, ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗೆ ಒಂದು ಇತಿಹಾಸವೇ ಇದೆ. ಅದರ ದೊಡ್ಡ ಅಧ್ಯಾಯ ನಡೆದದ್ದು ಸಂಸೆಯಿಂದ ಘಟ್ಟ ಇಳಿದು ಹೋದರೆ ಸಿಗುವ ಕುಂದಾಪುರ ಸೀಮೆಯಲ್ಲಿ.

ಯುವಕರಿಗೆ ತರಬೇತಿ ಕೊಡೋದು ಕರ್ನಾಟಕಕ್ಕೆ ಹೊಸದೇನಲ್ಲ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತ್ ರಾಯ್ ಜೊತೆ ಕೆಲಸ ಮಾಡಿ ಬಂದವರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಕ್ಷಮಾಪಣೆ ಬರೆದುಕೊಡದೆ ಜೈಲಿನಲ್ಲಿ ಗಟ್ಟಿಯಾಗಿ ನಿಂತವರು ಅವರ ಹುಬ್ಬಳ್ಳಿ ಸ್ವಯಂಸೇವಕರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. 1924ರ ಬೆಳಗಾವಿ ಅಧಿವೇಶನದಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದಾಗ ಓಡಾಡಿ ಕೆಲಸ ಮಾಡಿದ್ದು ಅದೇ ದಳ. ಕವಾಯತು, ಶಿಸ್ತು, ಸೇವೆ ಅಲ್ಲಿನ ಪಾಠ. ಸ್ವಾತಂತ್ರ್ಯ ಹೋರಾಟಕ್ಕೆ ಅದು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಯುವಕ ಕಲಿತದ್ದು ಆಜ್ಞೆ ಪಾಲಿಸೋದನ್ನು.

1969ರಲ್ಲಿ ಎನ್‌ಎಸ್‌ಎಸ್ ಬಂತು, 1972ರಲ್ಲಿ ನೆಹರು ಯುವ ಕೇಂದ್ರ. ನಾನೂ ಎನ್‌ಎಸ್‌ಎಸ್ ಕ್ಯಾಂಪಿಗೆ ಹೋದವರಲ್ಲೊಬ್ಬ. ಒಂದು ಹಳ್ಳಿಯ ದೇವಸ್ಥಾನದ ಮುಂದಿನ ಹುಲ್ಲು ಕಿತ್ತೆವು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡೆವು. ಊರಿನವರು ಹುಲ್ಲನ್ನು ದನಕ್ಕೆ ಅಂತ ಬಿಟ್ಟಿದ್ದರು ಅನ್ನೋದು ಮಾರನೇ ದಿನ ಗೊತ್ತಾಯ್ತು. ಮೊದಲೇ ಕೇಳಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಈಗ ಕುಂದಾಪುರಕ್ಕೆ ಬರೋಣ. ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ನೆನಪಿದ್ದಾರಾ? ಎಂಬತ್ತರ ದಶಕದಲ್ಲಿ ಟೇಬಲ್ ಒರೆಸುತ್ತಿದ್ದ ಹತ್ತು–ಹನ್ನೆರಡರ ಹುಡುಗನನ್ನು ‘ಎಲ್ಲಿಯವನೋ’ ಅಂತ ಕೇಳಿದರೆ ಎಷ್ಟೋ ಸಲ ಬರುತ್ತಿದ್ದ ಉತ್ತರ ಕುಂದಾಪುರ ಕಡೆಯವನು ಅಂತ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸಂಸ್ಥೆ, ಈ ಮಕ್ಕಳು ಯಾಕೆ ಊರು ಬಿಟ್ಟು ಬರ್ತಾರೆ ಅಂತ ಬೆನ್ನು ಹತ್ತಿ ಊರಿಗೇ ಹೋಯಿತು. ನಂದನಾ ರೆಡ್ಡಿ, ದಾಮೋದರ ಆಚಾರ್ಯ ಈ ಕೆಲಸದ ಮುಂದಾಳುಗಳು. 1990ರಲ್ಲಿ ದುಡಿಯುವ ಮಕ್ಕಳು ತಮ್ಮದೇ ಸಂಘಟನೆ ಕಟ್ಟಿಕೊಂಡರು. ಹೆಸರು ಭೀಮ ಸಂಘ. ಆಗಿನ 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಪ್ರಕಾರ ಹದಿನೈದು ತುಂಬದವರು ಸಂಘದ ಸದಸ್ಯರಾಗುವ ಹಾಗಿರಲಿಲ್ಲ. ಅಂದರೆ ಹನ್ನೆರಡರ ಹುಡುಗ ಲೋಟ ತೊಳೆಯುತ್ತಿರೋದು ಊರಿಗೆಲ್ಲ ಕಾಣುತ್ತಿತ್ತು, ‘ನಮಗೆ ಕಷ್ಟ ಆಗ್ತಿದೆ’ ಅಂತ ಸಂಘ ಕಟ್ಟಲು ಹೊರಟರೆ ಮಾತ್ರ ಕಾನೂನಿಗೆ ಅವನ ವಯಸ್ಸು ನೆನಪಾಗುತ್ತಿತ್ತು.

1996ರ ನವೆಂಬರ್–ಡಿಸೆಂಬರ್‌ನಲ್ಲಿ ಕುಂದಾಪುರದಲ್ಲಿ ಒಂದು ಸಭೆ ನಡೆಯಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಮೂವತ್ತಕ್ಕೂ ಹೆಚ್ಚು ದೇಶಗಳಿಂದ ದುಡಿಯುವ ಮಕ್ಕಳ ಪ್ರತಿನಿಧಿಗಳು ಬಂದಿದ್ದರು. ಅವರು ಹೊರಡಿಸಿದ ಹತ್ತು ಅಂಶಗಳ ಹೇಳಿಕೆಗೆ ಇವತ್ತಿಗೂ ಜಗತ್ತಿನಾದ್ಯಂತ ‘ಕುಂದಾಪುರ ಘೋಷಣೆ’ ಅಂತಲೇ ಹೆಸರು. ನಮ್ಮ ಸಮಸ್ಯೆಯನ್ನೂ ನಮ್ಮ ಸಂಘಟನೆಯನ್ನೂ ಒಪ್ಪಿಕೊಳ್ಳಿ, ನಮ್ಮ ಕೈಯಿಂದ ಆದ ವಸ್ತುಗಳನ್ನು ಬಹಿಷ್ಕರಿಸಬೇಡಿ, ನಮ್ಮ ಬಗ್ಗೆ ತೀರ್ಮಾನ ಮಾಡುವಾಗ ನಮ್ಮನ್ನು ಕೇಳಿ ಅನ್ನೋದು ಅದರ ಸಾರ. ಇದು ಬಾಲಕಾರ್ಮಿಕ ಪದ್ಧತಿಗೆ ಮಣೆ ಹಾಕಿದ ಹಾಗಾಗುತ್ತೆ ಎಂದು ತಕರಾರು ತೆಗೆದವರೂ ಇದ್ದರು. ಆ ತಕರಾರು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೂ ಮಕ್ಕಳನ್ನು ಬಿಡಿಸಿ ಊರಿಗೆ ಕಳಿಸಿದರೆ, ಊರಿನಲ್ಲಿ ಏನು ಸರಿಯಾಗಿಲ್ಲ ಅಂತ ಅವರು ಓಡಿಹೋದರು ಅನ್ನೋದನ್ನು ಅವರನ್ನಲ್ಲದೆ ಇನ್ಯಾರನ್ನು ಕೇಳೋದು?

ಆ ಕೇಳುವ ವ್ಯವಸ್ಥೆಗೇ ಮಕ್ಕಳ ಪಂಚಾಯಿತಿ ಅಂತ ಹೆಸರಾಯಿತು. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಕುಂದಾಪುರ ಸೀಮೆಯ ಗ್ರಾಮ ಪಂಚಾಯಿತಿಗಳಲ್ಲಿ ಶುರುವಾಯಿತು. ಕೆರಾಡಿ ಇದರಲ್ಲಿ ಹೆಸರು ಮಾಡಿದ ಊರು. ಮಕ್ಕಳು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುತ್ತಿದ್ದರು. ಮನೆಮನೆಗೆ ಹೋಗಿ ಮಾಹಿತಿ ತರುತ್ತಿದ್ದರು, ಊರಿನ ನಕ್ಷೆ ಬರೆಯುತ್ತಿದ್ದರು. ಹಿರಿಯರಲ್ಲಿ ತಮಗೆ ನಂಬಿಕೆ ಇರುವ ಒಬ್ಬರನ್ನು ‘ಮಕ್ಕಳ ಮಿತ್ರ’ ಅಂತ ತಾವೇ ಆಯ್ಕೆ ಮಾಡುತ್ತಿದ್ದರು. ನನಗೆ ಬಹಳ ಹಿಡಿಸಿದ್ದು ಇದು. ಇವತ್ತು ಯುವಜನರ ಜೊತೆ ಕೆಲಸ ಮಾಡುವವರ ನೀತಿ ಸಂಹಿತೆ ಅಂತ ಪುಟಗಟ್ಟಲೆ ಬರೀತೀವಿ. ಅಲ್ಲಿ, ಹಿರಿಯ ಹೇಗಿರಬೇಕು ಅಂತ ಮಕ್ಕಳೇ ವೋಟಿನಲ್ಲಿ ಹೇಳಿಬಿಟ್ಟಿದ್ದರು. ಇಷ್ಟೆಲ್ಲಕ್ಕಿಂತ ಮುಖ್ಯವಾಗಿ ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಅಧಿಕಾರಿಗಳು ಮಕ್ಕಳ ಎದುರು ಕೂತು ಉತ್ತರ ಕೊಡಬೇಕಿತ್ತು.

ಮಕ್ಕಳು ಏನು ಕೇಳಿದರು ಅಂತೀರಿ? ಕಾಲುಸಂಕ. ಕರಾವಳಿ, ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯ ವೀಕ್ಷಕರಿಗೆ ಹೇಳ್ತೀನಿ: ಹಳ್ಳಕ್ಕೆ ಅಡ್ಡವಾಗಿ ನಾಲ್ಕು ಅಡಿಕೆ ಮರ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಅದೇ ಸಂಕ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತೆ, ಕೆಳಗೆ ಕೆಂಪು ನೀರು ನೊರೆಯಾಗಿ ಹೋಗುತ್ತಿರುತ್ತೆ. ದೊಡ್ಡವರ ಗ್ರಾಮಸಭೆಯಲ್ಲಿ ರಸ್ತೆ, ಮನೆ, ಬೋರ್‌ವೆಲ್ ಚರ್ಚೆಗೆ ಬರುತ್ತಿತ್ತು. ಸಂಕ ಬರುತ್ತಿರಲಿಲ್ಲ, ಏಕೆಂದರೆ ಬೆಳಿಗ್ಗೆ ಸಂಜೆ ಪಾಟೀಚೀಲ ಹೊತ್ತು ಅದನ್ನು ದಾಟುತ್ತಿದ್ದವರಿಗೆ ಸಭೆಯಲ್ಲಿ ಕುರ್ಚಿ ಇರಲಿಲ್ಲ.

ಮುಂದೆ ಹತ್ತನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಆ ಭಾಗದ ಮಕ್ಕಳು ತಮ್ಮ ಪಂಚಾಯಿತಿಗಳಿಗೆ ಐದು ವರ್ಷದ ಯೋಜನೆಯನ್ನೇ ತಯಾರಿಸಿದರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಆದೇಶಿಸಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಿ ಅನ್ನುತ್ತದೆ. ಅದು ನಮ್ಮ ಹಳ್ಳಿಯ ಪಿಡಿಓ ಟೇಬಲ್ ಮೇಲೆ ಬಂದದ್ದು ಹೀಗೆ.

ಇದೇ ವರ್ಷಗಳಲ್ಲಿ ಘಟ್ಟದ ಮೇಲೆ ಏನಾಗುತ್ತಿತ್ತು? 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಬಂತು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ, 2001ರಲ್ಲಿ ಅಂತಿಮ ಅಧಿಸೂಚನೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡೊಳಗಿನ ಮಲೆಕುಡಿಯರು, ಗೌಡಲು, ಸಣ್ಣ ಹಿಡುವಳಿದಾರರು ಈ ತೀರ್ಮಾನಗಳ ನಡುವೆ ಸಿಕ್ಕಿಕೊಂಡರು. ಎದ್ದು ಹೋಗಬೇಕಾ, ಇರಬಹುದಾ, ದಾಖಲೆ ಯಾವುದು, ಯಾರನ್ನು ಕೇಳೋದು? ಆಗ ಈ ಊರುಗಳ ಹದಿಹರೆಯದವರ ಪ್ರಶ್ನೆಗಳನ್ನು ಕೂತು ಕೇಳಿದವರಲ್ಲಿ ಬಂದೂಕು ಹೊತ್ತವರೂ ಇದ್ದರು.

ಅವರು ಕೊಟ್ಟದ್ದೂ ತರಬೇತಿಯೇ. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿಯಲ್ಲಿ ನಾಯಕ ಸಾಕೇತ್ ರಾಜನ್ ಹತರಾದರು. ಆಮೇಲೆ ಪೊಲೀಸರೂ ಸತ್ತರು, ಮಾಹಿತಿದಾರರು ಎಂಬ ಅನುಮಾನಕ್ಕೆ ಊರಿನವರೂ ಸತ್ತರು. 2025ರ ಜನವರಿ 8ರಂದು ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದಾಗ ಇಡೀ ದಿನ ನಾನು ಲೈವ್‌ನಲ್ಲಿದ್ದೆ. ಮುಂಡಗಾರು, ಬಾಳೆಹೊಳೆ ಅಂತ ಹೆಸರಿನ ಜೊತೆಗಿದ್ದ ಊರುಗಳನ್ನು ಓದುತ್ತಿದ್ದೆ. ಇವೆರಡೂ ಈ ಗುಡ್ಡದ ಸುತ್ತಮುತ್ತಲಿನವೇ. ಯೌವನವೆಲ್ಲ ಕಾಡಿನಲ್ಲಿ ಕಳೆದು ಬಂದವರ ಬೇಡಿಕೆ ಪಟ್ಟಿಯಲ್ಲಿ ಮತ್ತದೇ ಭೂಮಿ, ಮತ್ತದೇ ಒಕ್ಕಲೆಬ್ಬಿಸುವಿಕೆ.

ಕೆಳಗೆ ಮಕ್ಕಳ ಪಂಚಾಯಿತಿ ಇತ್ತು, ಅದಕ್ಕೆ ಶಾಂತಿ. ಮೇಲೆ ಇರಲಿಲ್ಲ, ಅದಕ್ಕೆ ಬಂದೂಕು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಅಷ್ಟು ಸಲೀಸಾಗಿಲ್ಲ. ಕುಂದಾಪುರದ ಅಮಾಸೆಬೈಲು ಕಡೆಯ ಕಾಡಿಗೂ ನಕ್ಸಲರು ಬಂದಿದ್ದರು. ನಾನು ಹೇಳೋದು ಇಷ್ಟೇ: ಹದಿನೆಂಟರ ಆಸುಪಾಸಿನವರನ್ನು ಒಂದು ಕಡೆ ಸೇರಿಸಿ ಮಾತಾಡುವ ಯಾರ ಕೈಯಲ್ಲೂ ದೊಡ್ಡ ಶಕ್ತಿ ಇರುತ್ತೆ. ಅದನ್ನು ಅವರಿಗಾಗಿ ಬಳಸ್ತೀವಾ, ನಮ್ಮ ಕಾರ್ಯಕ್ರಮಕ್ಕೆ ಅವರನ್ನು ಬಳಸ್ತೀವಾ?

ರೋಜರ್ ಹಾರ್ಟ್ ಎಂಬ ವಿದ್ವಾಂಸ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲಿನ ಒಂದು ಏಣಿ ಹಾಕಿಕೊಟ್ಟರು. ಕೆಳಗಿನ ಮೂರು ಮೆಟ್ಟಿಲು ಅಂದರೆ ಮಕ್ಕಳನ್ನು ದಾಳ ಮಾಡಿಕೊಳ್ಳೋದು, ಅಲಂಕಾರಕ್ಕೆ ನಿಲ್ಲಿಸೋದು, ಹೆಸರಿಗೆ ಮಾತ್ರ ಕೂರಿಸೋದು. ಈ ಮೂರನ್ನೂ ಸಹಭಾಗಿತ್ವ ಅಂತ ಕರೆಯಬೇಡಿ ಅಂದರು ಅವರು. ಇದನ್ನು ಓದುವಾಗ ನನಗೆ ನಮ್ಮ ಸ್ಟುಡಿಯೋದ ಒಂದು ಮಕ್ಕಳ ದಿನಾಚರಣೆ ನೆನಪಾಯಿತು. ಪ್ರಶ್ನೆಗಳನ್ನು ಡೆಸ್ಕಿನಲ್ಲೇ ಬರೆದು ಮಕ್ಕಳ ಕೈಗೆ ಕೊಟ್ಟಿದ್ದೆವು. ಒಬ್ಬ ಹುಡುಗಿ ಚೀಟಿ ಬಿಟ್ಟು, ತನ್ನ ಶಾಲೆಯ ಶೌಚಾಲಯದ ಬಗ್ಗೆ ಶುರು ಮಾಡಿದಳು. ಎದುರಿಗೆ ಅತಿಥಿ ಕೂತಿದ್ದರು. “ಒಂದು ಚಿಕ್ಕ ಬ್ರೇಕ್” ಅಂದೆ. ಬ್ರೇಕ್ ಮುಗಿದ ಮೇಲೆ ಮೈಕು ಪಕ್ಕದ ಹುಡುಗನಿಗೆ ಹೋಯಿತು. ಅವಳ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಮಕ್ಕಳ ಗ್ರಾಮಸಭೆಗಳೂ ಎಷ್ಟೋ ಕಡೆ ಹೀಗೇ ಆಗಿವೆ. ಶಾಮಿಯಾನ, ಸ್ವಾಗತ ಗೀತೆ, ಅತಿಥಿಗಳ ಭಾಷಣ, ಕೊನೆಗೆ ಹತ್ತು ನಿಮಿಷ ಮಕ್ಕಳಿಗೆ. ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಓಪನ್ ಲೂಪ್ ಅಂತ ಓದಿದ್ದೆವು: ಒಳಗೆ ಹೋದದ್ದರ ಸುದ್ದಿ ವಾಪಸ್ ಬರೋದೇ ಇಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ಸೀಮೆಯಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಪುಟ್ಟ ಹುಡುಗಿ ಸಂಕದಿಂದ ಜಾರಿ ಕೊಚ್ಚಿಹೋದಳು. ಮಕ್ಕಳು ಮೊದಲು ಸಂಕ ಕೇಳಿದ್ದು ಇದೇ ಕುಂದಾಪುರ–ಬೈಂದೂರು ಸೀಮೆಯಲ್ಲಿ, ಇಪ್ಪತ್ತು ವರ್ಷಕ್ಕೂ ಹಿಂದೆ.

ಆ ದಿನ ಸಂಸೆಯಲ್ಲಿ ಊಟದ ನಂತರ ನಾನು ಭಾಷಣ ಬಿಟ್ಟೆ. ಜೊತೆಗೆ ಬಂದಿದ್ದ ನಿವೃತ್ತ ಪಂಚಾಯಿತಿ ಕಾರ್ಯದರ್ಶಿಯೊಬ್ಬರು ಪಾಠ ಶುರು ಮಾಡಿದರು. ಅರ್ಜಿ ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿ ಸ್ವೀಕೃತಿ ತಗೊಳ್ಳಿ. ಗ್ರಾಮಸಭೆಯಲ್ಲಿ ಹೇಳಿದ್ದು ನಡವಳಿ ಪುಸ್ತಕದಲ್ಲಿ ಬಂತಾ ನೋಡಿ, ಠರಾವಿನ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ಸಭೆಯಲ್ಲಿ ಮೊದಲು ಅನುಪಾಲನಾ ವರದಿ ಓದಿ ಅನ್ನಿ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗೆ ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷದ ಪುರಾವೆ ಬೇಕು; ಅಜ್ಜಿಯ ಹೆಸರಿನ ಹಳೇ ರಸೀದಿ ಇದ್ದರೂ ಬಿಸಾಡಬೇಡಿ. ವೋಟಿಗೆ ಹದಿನೆಂಟು, ಪಂಚಾಯಿತಿಗೆ ನಿಲ್ಲಲು ಇಪ್ಪತ್ತೊಂದು. ನಡುವಿನ ಮೂರು ವರ್ಷ ಪ್ರತಿ ಸಭೆಗೆ ಹೋಗಿ ಕೂತುಕೊಳ್ಳಿ. ಮೊಬೈಲು ನೋಡುತ್ತಿದ್ದವರೆಲ್ಲ ಬರೆದುಕೊಳ್ಳಲು ಪೆನ್ನು ಹುಡುಕಿದರು.

ಮೊನ್ನೆ ಆ ಜೀಪ್ ಡ್ರೈವರ್‌ಗೆ ಫೋನ್ ಮಾಡಿದ್ದೆ. ಅವನ ಅಕ್ಕನ ಮಕ್ಕಳು ದಾಟುವ ಹಳ್ಳಕ್ಕೆ ಸಂಕ ಬೇಕು ಅಂತ ಅರ್ಜಿ ಕೊಟ್ಟಿದ್ದಾರಂತೆ. ಸ್ವೀಕೃತಿ ಸಿಕ್ತಾ ಅಂದೆ.

“ಸೀಲು ಹಾಕಿಸ್ಕೊಂಡೇ ಬಂದದ್ದು.”

ಗ್ರಾಮಸಭೆ ದಿನ ಕ್ಯಾಮೆರಾ ಕಳಿಸ್ಲಾ ಅಂತ ಕೇಳಿದೆ.

“ಬೇಡ ಮಾರಾಯ್ರೆ. ಕ್ಯಾಮೆರಾ ಇದ್ರೆ ಎಲ್ಲದಕ್ಕೂ ಹೂಂ ಅಂತಾರೆ, ಬರೆಯೋದೇ ಇಲ್ಲ. ನೀವೊಬ್ರೇ ಬನ್ನಿ. ಹಿಂದೆ ಕೂತ್ಕೊಳ್ಳಿ.”

ಸಭೆಯ ದಿನಾಂಕ ಇನ್ನೂ ತಿಳಿಸಿಲ್ಲ. ರಜೆ ಅರ್ಜಿ ಬರೆದಿಟ್ಟಿದ್ದೀನಿ.