ಕೈಲ್‌ಪೊಳ್ದ್ ಮತ್ತು ಕೋವಿಯ ಹಕ್ಕು

ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಹಿರಿಮನೆಯಲ್ಲಿ, ಕೋವಿ ಗೋಡೆಯಿಂದ ಇಳಿಯುತ್ತದೆ. ನಾಟಿ ಮುಗಿದಿರುತ್ತದೆ. ಅಜ್ಜ ನಳಿಗೆಗೆ ಎಣ್ಣೆ ಹಚ್ಚಿ ಒರೆಸಿ, ತೋಕ್ ಪೂ ಎಂಬ ಕೋವಿ ಹೂವನ್ನು ಸಿಕ್ಕಿಸಿ ದೀಪದ ಮುಂದೆ ಇಡುತ್ತಿದ್ದರು. ಪೂಜೆಯಾದ ಮೇಲೆ ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ; ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ.

ಈ ಕೋವಿಗೆ ಪರವಾನಗಿ ಬೇಕಿಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಮುಖ್ಯ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಅದು ಬ್ರಿಟಿಷರಿಗೆ ತೋರಿದ ನಿಷ್ಠೆಗೆ ಸಂದ ಬಹುಮಾನ. ನಿಷ್ಠೆ ಎಂಬ ಆ ಮಾತು ನನ್ನನ್ನು ಇಂದಿಗೂ ಇರಿಯುತ್ತದೆ. ಸ್ವತಂತ್ರ ಭಾರತವೂ ಆ ವಿನಾಯಿತಿಯನ್ನು ಮುಂದುವರಿಸಿತು. ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅದು ಅನ್ವಯ. ಈಗಿನ ಆದೇಶ 2029ರವರೆಗಿದೆ.

ನಮ್ಮಲ್ಲಿ ಹುಟ್ಟು-ಸಾವನ್ನು ಸಾರುವುದೂ ಕೋವಿಯೇ: ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು. ಹೆಣ್ಣುಮಗುವಿಗೂ ಹಾರಿಸಬೇಕು ಎನ್ನುವವಳು ನಾನು.