ಮರು ಓದು ಮತ್ತು ನೆನಪಿನ ಅಂದಾಜು

ಓದಿದ ವಿಷಯ ಮುಂದೆ ಎಷ್ಟರಮಟ್ಟಿಗೆ ನೆನಪಿನಲ್ಲಿ ಉಳಿಯುವುದೆಂದು ವ್ಯಕ್ತಿಯು ತಾನೇ ಹಾಕಿಕೊಳ್ಳುವ ಲೆಕ್ಕಕ್ಕೆ ಮನೋವಿಜ್ಞಾನದಲ್ಲಿ ‘ಕಲಿಕೆಯ ಅಂದಾಜು’ ಎನ್ನಬಹುದು. ಯಾವ ಪಾಠವನ್ನು ಮತ್ತೆ ಓದಬೇಕು, ಯಾವುದನ್ನು ಬಿಡಬಹುದು ಎಂದು ವಿದ್ಯಾರ್ಥಿ ನಿರ್ಧರಿಸುವುದು ಈ ಅಂದಾಜಿನಿಂದಲೇ. ಅದು ತಪ್ಪಿದರೆ ಪರೀಕ್ಷೆಯ ಸಿದ್ಧತೆಯೂ ತಪ್ಪುತ್ತದೆ. ಹೆಚ್ಚುವರಿ ಓದಿನ ವಿಷಯದಲ್ಲಿ ಈ ಅಂದಾಜು ಎರಡು ವಿರುದ್ಧ ದಿಕ್ಕುಗಳಲ್ಲಿ ಎಡವುತ್ತದೆ.

ಕಡಿಮೆ ಎಣಿಕೆ: ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಆಷರ್ ಕೋರಿಯಾಟ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪದಜೋಡಿಗಳನ್ನು ಕಲಿತು ಪರೀಕ್ಷೆಗೆ ಒಳಗಾಗುವ ಸುತ್ತುಗಳು ಮರುಕಳಿಸಿದಾಗ ನಿಜವಾದ ನೆನಪು ಬೇಗನೆ ಏರುತ್ತದೆ, ಅಂದಾಜು ಮಾತ್ರ ಎರಡನೆಯ ಸುತ್ತಿನಿಂದ ಹಿಂದೆ ಬೀಳುತ್ತದೆ. ಹಿಂದಿನ ಪರೀಕ್ಷೆಯಲ್ಲಿ ಮರೆತ ಪದವನ್ನು ಈಗ ಕಲಿತಿದ್ದರೂ ಹಳೆಯ ಸೋಲೇ ಮನಸ್ಸಿನಲ್ಲಿ ಉಳಿದಿರುವುದು ಇದಕ್ಕೊಂದು ಕಾರಣ. ಇನ್ನೂ ಹಲವು ಬಾರಿ ಓದಿದರೆ ನೆನಪು ಎಷ್ಟು ಸುಧಾರಿಸುವುದೆಂದು ಮುಂದಾಗಿ ಕೇಳಿದಾಗಲೂ ಜನರು ಅತ್ಯಲ್ಪ ಲಾಭವನ್ನಷ್ಟೇ ನಿರೀಕ್ಷಿಸುತ್ತಾರೆಂದು ಅಮೆರಿಕದ ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ 2009ರಲ್ಲಿ ತೋರಿಸಿದರು.

ಹೆಚ್ಚು ಎಣಿಕೆ: ನಡುವೆ ಪರೀಕ್ಷೆಯಿಲ್ಲದೆ ಬರಿದೇ ಓದುತ್ತಾ ಹೋದರೆ ಫಲ ಬೇರೆ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಾದುದನ್ನು ಬರೆಯಿತು. ಐದು ನಿಮಿಷದ ಬಳಿಕ ಮೊದಲ ಗುಂಪಿನ ನೆನಪು ಶೇ. 83, ಎರಡನೆಯದರದು ಶೇ. 71. ವಾರದ ನಂತರ ಸ್ಥಿತಿ ತಿರುಗಿತು: ಶೇ. 40 ಮತ್ತು ಶೇ. 61. ಆದರೂ ಹೆಚ್ಚು ನೆನಪಿರುವುದೆಂದು ಮೊದಲೇ ನಂಬಿದ್ದವರು ಬರಿದೇ ಓದಿದವರು. ಮತ್ತೆ ಮತ್ತೆ ಓದಿದ ಸಾಲು ಸುಲಭವಾಗಿ ಕಾಣುತ್ತದೆ. ಆ ಸಲೀಸನ್ನೇ ಮನಸ್ಸು ಕಲಿಕೆಯೆಂದು ಬಗೆಯುತ್ತದೆ.

ಪರಿಹಾರ: ಓದಿದ ಕೂಡಲೇ ‘ಗೊತ್ತಾಯಿತು’ ಎಂದುಕೊಳ್ಳುವುದಕ್ಕಿಂತ, ಸ್ವಲ್ಪ ಹೊತ್ತು ಬಿಟ್ಟು ಉತ್ತರವನ್ನು ಸ್ಮರಿಸಲು ಯತ್ನಿಸಿ ಅಂದಾಜು ಮಾಡುವುದು ಲೇಸು. ಹೀಗೆ ತಡವಾಗಿ ಮಾಡಿದ ಅಂದಾಜು, ಯಾವುದು ನೆನಪಿದೆ, ಯಾವುದು ಇಲ್ಲ ಎಂಬುದನ್ನು ಬಹಳ ನಿಖರವಾಗಿ ಬೇರ್ಪಡಿಸುತ್ತದೆಂದು ಥಾಮಸ್ ನೆಲ್ಸನ್ ಮತ್ತು ಜಾನ್ ಡನ್ಲಾಸ್ಕಿ 1991ರಲ್ಲೇ ಕಂಡುಕೊಂಡಿದ್ದರು. ಪುಸ್ತಕ ಮುಚ್ಚಿಟ್ಟು ಬರೆದು ನೋಡುವ ಹಳೆಯ ರೂಢಿ ಈ ಎರಡು ಕೆಲಸವನ್ನೂ ಮಾಡುತ್ತದೆ: ನೆನಪನ್ನು ಗಟ್ಟಿಗೊಳಿಸುತ್ತದೆ, ಇನ್ನೂ ಓದಬೇಕಾದುದು ಯಾವುದೆಂದು ತಿಳಿಸುತ್ತದೆ.