ಮಲಾರದಿಂದ ಗಾಜಿನ ಪೆಟ್ಟಿಗೆಗೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬಳೆಪೇಟೆ ಎಂಬ ಬೀದಿಯಿದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆಗಳ ನೆರೆಯಲ್ಲೇ ಇರುವ ಈ ಹೆಸರನ್ನು ರಾಜಧಾನಿಗೆ ಹೋಗಿ ಬಂದವರೆಲ್ಲ ಕೇಳಿರುತ್ತಾರೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವ ಆ ಊರಿನಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಬಳೆ ಬೇಕಾದವರು ಬೋರ್ಡು ಹುಡುಕುವ ಅಗತ್ಯವೇ ಇರಲಿಲ್ಲ, ಬೀದಿಯೇ ಬೋರ್ಡು. ಇಂದು ಅಲ್ಲಿ ವಾದ್ಯಗಳ ಅಂಗಡಿಗಳೂ ಸಾಲಾಗಿವೆ. ಆದರೂ ಹೆಸರು ಮಾತ್ರ ಹೆಣ್ಣುಮಕ್ಕಳ ಕೈಯ ಗುರುತನ್ನು ಬಿಟ್ಟುಕೊಟ್ಟಿಲ್ಲ.

ಮಾರುವ ಒಡವೆಯನ್ನು ಹೇಗೆ ಇಡಬೇಕು, ಹೇಗೆ ತೋರಿಸಬೇಕು ಎಂಬ ಪ್ರಶ್ನೆ ಈಗಿನದಲ್ಲ. ಮಾಡುವವರಿಗೂ ತೊಡುವವರಿಗೂ ನಡುವೆ ಯಾವಾಗಲೂ ಒಂದು ಜಗಲಿ, ಒಂದು ಬಟ್ಟೆ ಅಥವಾ ಒಂದು ಪೆಟ್ಟಿಗೆ ಇದ್ದೇ ಇದೆ. ಸಮಾಜ ವಿಜ್ಞಾನ ಪಾಠ ಮಾಡುವ ನಾನು ಅರಸರ ಕಿರೀಟದ ತೂಕವನ್ನು, ಯುದ್ಧದ ಇಸವಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆ ಕಿರೀಟದ ಹರಳು ಸಂತೆಯಲ್ಲಿ ಯಾವ ಬಟ್ಟೆಯ ಮೇಲೆ ಕುಳಿತಿತ್ತು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಓಲೆ, ಸರ, ಬಳೆ ಮಾಡಿ ಮಾರುವ ನಮ್ಮ ಹೆಂಗಸರಿಗೆ ಉಪಯೋಗಕ್ಕೆ ಬರುವುದು ಈ ಪ್ರಶ್ನೆಯೇ.

ವಿಜಯನಗರದಿಂದಲೇ ಆರಂಭಿಸೋಣ. ಪರ್ಷಿಯಾದ ದೊರೆ ಶಾರೂಖನ ರಾಯಭಾರಿಯಾಗಿ 1443ರಲ್ಲಿ ಅಲ್ಲಿಗೆ ಬಂದ ಅಬ್ದುರ್ ರಜಾಕ್, ಒಂದೊಂದು ಕಸುಬಿನವರ ಅಂಗಡಿಗಳೂ ಒತ್ತೊತ್ತಾಗಿ ಇದ್ದುದನ್ನು ಬರೆದಿದ್ದಾನೆ. ಅವನಿಗೆ ಸೋಜಿಗ ತಂದದ್ದು ಇನ್ನೊಂದು ಸಂಗತಿ: ಮುತ್ತು, ವಜ್ರ, ಮಾಣಿಕ್ಯ, ಪಚ್ಚೆಗಳನ್ನು ಅಲ್ಲಿ ಬಹಿರಂಗವಾಗಿ, ಬಜಾರಿನಲ್ಲೇ ಇಟ್ಟು ಮಾರುತ್ತಿದ್ದರು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ವ್ಯಾಪಾರಿಗಳ ಅಗಲವಾದ ಬೀದಿಯಲ್ಲಿ ಇಂಥ ಹರಳುಗಳನ್ನೂ ಬಟ್ಟೆಗಳನ್ನೂ ಕಂಡ. ಅದೇ ಬೀದಿಯಲ್ಲಿ ಪ್ರತಿ ಸಂಜೆ ಸಂತೆ ಸೇರುತ್ತಿತ್ತು. ನಿಂಬೆ, ಕಿತ್ತಳೆ, ದ್ರಾಕ್ಷಿಗಳೂ ಅಲ್ಲಿ ಸಿಗುತ್ತಿದ್ದವು. ಹಣ್ಣಿನ ಬುಟ್ಟಿಯ ನೆರೆಯಲ್ಲಿ ಮಾಣಿಕ್ಯ! ಬೆಲೆಬಾಳುವ ವಸ್ತುವನ್ನು ಬಯಲಿನಲ್ಲಿ ಇಡಬೇಕಾದರೆ ಊರಿನ ಮೇಲೆ ನಂಬಿಕೆ ಇರಬೇಕು. ಒಡವೆಯ ಜೊತೆಗೆ ಆ ನಂಬಿಕೆಯೂ ಅಲ್ಲಿ ಪ್ರದರ್ಶನಕ್ಕಿತ್ತು ಎಂದರೆ ತಪ್ಪಲ್ಲ.

ಹಂಪಿಗೆ ಪ್ರವಾಸ ಹೋದಾಗ ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯ ಕಲ್ಲುಮಂಟಪಗಳನ್ನು ನೀವೂ ನೋಡಿರಬಹುದು. ಎತ್ತರದ ಜಗಲಿ, ಕಂಬ, ಮೇಲೆ ನೆರಳು. ಜಗಲಿಯ ಮೇಲೆ ಕುಳಿತವರ ಮಡಿಲಿಗೂ ಬೀದಿಯಲ್ಲಿ ನಿಂತವರ ಕೈಗೂ ಹೆಚ್ಚು ದೂರವಿಲ್ಲ. ನಮ್ಮ ಶಾಲೆಯ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಒಬ್ಬಳನ್ನು ಮೇಲೆ ಕೂರಿಸಿ, ಇನ್ನೊಬ್ಬಳನ್ನು ಕೆಳಗೆ ನಿಲ್ಲಿಸಿ ಇದನ್ನು ತೋರಿಸಿದ್ದೇನೆ. ಆ ಮಂಟಪಗಳಲ್ಲಿ ಬಹುಕಾಲದಿಂದ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಸ್ಮಾರಕ ರಕ್ಷಣೆಯ ಕಾರಣಕ್ಕೆ 2011ರಲ್ಲಿ ತೆರವುಗೊಳಿಸಲಾಯಿತು. ಕಲ್ಲು ಉಳಿಯಿತು, ವ್ಯಾಪಾರ ಬೇರೆ ಕಡೆಗೆ ಹೋಯಿತು.

ಆದರೆ ರತ್ನದ ಬೀದಿಗೆ ಹೋಗುವ ಭಾಗ್ಯ ಎಷ್ಟು ಹೆಂಗಸರಿಗಿತ್ತು? ಉಳಿದವರಿಗೆ ಪೇಟೆಯೇ ಬಾಗಿಲಿಗೆ ಬರಬೇಕಿತ್ತು, ಬಳೆಗಾರನ ಹೆಗಲ ಮೇಲೆ. ಬಳೆಗಳನ್ನು ಹಗ್ಗಕ್ಕೆ ಪೋಣಿಸಿ, ಬಣ್ಣಬಣ್ಣದ ಸುರುಳಿಗಳಾಗಿ ಕಟ್ಟಿದ ಹೊರೆಗೆ ಮಲಾರ ಎಂದು ಹೆಸರು. ಈಗಿನ ಹುಡುಗಿಯರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾಗುತ್ತದೆ. ನಾನು ಚಿಕ್ಕವಳಾಗಿದ್ದಾಗ ನಮ್ಮ ಜಗಲಿಯ ಮೇಲೆ ಕಂಬಳಿ ಹಾಸಿ ಬಳೆಗಾರ ಮಲಾರ ಬಿಚ್ಚಿದನೆಂದರೆ ಅಕ್ಕಪಕ್ಕದ ಅತ್ತೆ, ದೊಡ್ಡಮ್ಮ, ಚಿಕ್ಕಮ್ಮಂದಿರೆಲ್ಲ ಕೆಲಸ ಬಿಟ್ಟು ಬರುತ್ತಿದ್ದರು. ಹಸಿರಿನ ಪಕ್ಕ ಕೆಂಪು, ಕೆಂಪಿನ ಪಕ್ಕ ಕಪ್ಪು. ಗಾಜಿನ ಪೆಟ್ಟಿಗೆಯಿಲ್ಲ, ದೀಪವಿಲ್ಲ, ಕನ್ನಡಿಯಂತೂ ಇಲ್ಲವೇ ಇಲ್ಲ. ತೊಡುವವಳ ಕೈಯೇ ಅವನ ಪ್ರದರ್ಶನದ ಹಲಗೆ. ಒಬ್ಬಳ ಕೈಗೆ ಹಸಿರು ಗಾಜು ಏರಿದ್ದನ್ನು ನೋಡಿ ಇನ್ನೊಬ್ಬಳಿಗೆ ಬೇಕೆನಿಸುತ್ತಿತ್ತು.

ಅವನ ಇನ್ನೊಂದು ಜಾಣ್ಮೆ ಅಳತೆಯದು. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ನಾವು ಇಂದಿಗೂ ಅಂಗಡಿಯಲ್ಲಿ ಕೇಳುತ್ತೇವಲ್ಲ, ಅದು ಬಳೆಯ ಒಳಗಿನ ಅಗಲ: ಎರಡು ಅಂಗುಲ, ಅದರ ಮೇಲೆ ಅಂಗುಲದ ಹದಿನಾರನೆಯ ಭಾಗಗಳು ನಾಲ್ಕೋ ಆರೋ ಎಂಟೋ. ಬಳೆಗಾರ ಪಟ್ಟಿ ಹಿಡಿದು ಅಳೆಯುತ್ತಿರಲಿಲ್ಲ. ಅಂಗೈಯನ್ನು ಒಮ್ಮೆ ಮೆಲ್ಲಗೆ ಒತ್ತಿ ನೋಡಿದರೆ ಸಾಕು, ಮಲಾರದಿಂದ ಸರಿಯಾದ ಸುರುಳಿ ಹೊರಗೆ ಬರುತ್ತಿತ್ತು. ಕೊಟ್ಟದ್ದು ರಾಗಿಯೋ ಜೋಳವೋ ಕಾಸೋ, ಮೇಲೊಂದು ಬಳೆ ಕೊಸರು ಇದ್ದೇ ಇರುತ್ತಿತ್ತು. ತೌರಿನ ಸುದ್ದಿಯನ್ನೂ ಅವನೇ ತರುತ್ತಿದ್ದ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯಲ್ಲಿ ಬಳೆಗಾರ ಚೆನ್ನಯ್ಯ ಬಾಗಿಲಿಗೆ ಬಂದದ್ದು ಯಾರಿಗೆ ನೆನಪಿಲ್ಲ?

ಮಲಾರದ ವ್ಯಾಪಾರದಲ್ಲಿ ಮುಟ್ಟುವುದೇ ನೋಡುವುದಾಗಿತ್ತು. ಈ ಸಂಬಂಧವನ್ನು ಬೇರೆ ಮಾಡಿದ್ದು ಗಾಜು. ಗಾಜಿನ ಹಿಂದೆ ವಸ್ತುವನ್ನಿಟ್ಟು ಜನರನ್ನು ದೂರ ನಿಲ್ಲಿಸಿ ತೋರಿಸುವ ಪದ್ಧತಿಗೆ ದೊಡ್ಡ ಮೆರವಣಿಗೆ ಸಿಕ್ಕಿದ್ದು ಲಂಡನ್ನಿನಲ್ಲಿ 1851ರಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ. ಪಂಜಾಬನ್ನು ಗೆದ್ದ ಇಂಗ್ಲಿಷರು 1849ರಲ್ಲಿ ಬಾಲಕ ದೊರೆ ದುಲೀಪ್ ಸಿಂಗನಿಂದ ಪಡೆದ ಕೊಹಿನೂರ್ ವಜ್ರವನ್ನು ಅಲ್ಲಿ ಚಿನ್ನದ ಮುಲಾಮಿನ ಪಂಜರದೊಳಗೆ ಇಟ್ಟಿದ್ದರು. ಜನ ಮುಗಿಬಿದ್ದು ಬಂದರು, ನೋಡಿ ನಿರಾಶರಾದರು. ಇದೇನು, ಗಾಜಿನ ಚೂರಿನಂತಿದೆಯಲ್ಲ ಎಂದು ಗೊಣಗಿದರು. ಸುತ್ತಲೂ ಕತ್ತಲು ಮಾಡಿ, ಗ್ಯಾಸಿನ ದೀಪ, ಕನ್ನಡಿಗಳನ್ನು ಹೊಂದಿಸಿದ ಮೇಲೂ ಜನರಿಗೆ ತೃಪ್ತಿಯಾಗಲಿಲ್ಲ. ಕೊನೆಗೆ 1852ರಲ್ಲಿ ಅದನ್ನು ಮತ್ತೆ ಕೊರೆಸಿದರು. 186 ಕ್ಯಾರೆಟ್ಟಿನಷ್ಟಿದ್ದ ಹರಳು 105 ಕ್ಯಾರೆಟ್ಟಿನ ಆಸುಪಾಸಿಗೆ ಇಳಿಯಿತು. ನಮ್ಮ ಹಳೆಯ ಕೆಲಸಗಾರರು ಹರಳಿನ ತೂಕ ಉಳಿಸಿ ಕೊರೆಯುತ್ತಿದ್ದರು. ಅಲ್ಲಿನವರ ಕಣ್ಣು ಬಯಸಿದ್ದು ಹೊಳಪನ್ನು. ತೋರಿಕೆಗಾಗಿ ಒಂದು ವಜ್ರ ತನ್ನ ಮೈಯನ್ನೇ ಹೀಗೆ ಕಳೆದುಕೊಂಡಿತು.

ಆ ಪ್ರದರ್ಶನದಲ್ಲಿ ಭಾರತದ ಬೇರೆ ಒಡವೆ, ನೇಯ್ಗೆ, ಕೆತ್ತನೆಗಳೂ ಇದ್ದವು. ಅವುಗಳಲ್ಲಿ ಹೆಚ್ಚಿನವನ್ನು ಕಳುಹಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಕಳುಹಿಸಿದವರ ಹೆಸರು, ಪ್ರಾಂತದ ಹೆಸರು ದಾಖಲಾದವು. ಮಾಡಿದ ಕೈಯ ಹೆಸರು ಬಹುಪಾಲು ಎಲ್ಲಿಯೂ ಬರಲಿಲ್ಲ. ನಮ್ಮ ಮೈಸೂರಿನಲ್ಲೂ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ದಸರಾ ವಸ್ತು ಪ್ರದರ್ಶನ ಬೇರೂರಿತು. ಜನ ಬಂಡಿ ಕಟ್ಟಿಕೊಂಡು ಬಂದು ನೋಡುವುದನ್ನು ಕಲಿತರು. ಪೇಟೆಯ ಅಂಗಡಿಗಳಿಗೂ ಮೆಲ್ಲಗೆ ಗಾಜಿನ ಬೀರು, ಮಖಮಲ್ಲಿನ ಪೆಟ್ಟಿಗೆ ಬಂದವು. ಬೆಳ್ಳಿಬಂಗಾರವನ್ನು ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಸುತ್ತಿಕೊಡುವ ಪದ್ಧತಿಯಂತೂ ನಮ್ಮೆಲ್ಲರ ಮನೆಯ ಗೋದ್ರೇಜ್ ಬೀರುವಿನೊಳಗೂ ಹೊಕ್ಕಿದೆ.

ಗಾಜಿನಿಂದ ಅನುಕೂಲವಿಲ್ಲವೆಂದು ಹೇಳಲಾರೆ. ಧೂಳಿಲ್ಲ, ಕಳವಿನ ಭಯ ಕಡಿಮೆ. ಆದರೆ ಸೆರಗಿನ ತುದಿಯಲ್ಲಿ ನೂರು ರೂಪಾಯಿ ಕಟ್ಟಿಕೊಂಡು ಬಂದ ಹೆಂಗಸಿಗೆ ‘ಅದನ್ನು ತೆಗೆದು ತೋರಿಸಿ’ ಎನ್ನಲು ಬಾಯಿ ಬರುವುದಿಲ್ಲ. ತೆಗೆಸಿದ ಮೇಲೆ ಕೊಳ್ಳದಿದ್ದರೆ ಏನೆನ್ನುತ್ತಾರೋ ಎಂಬ ಅಳುಕು. ಬೆಲೆ ಬರೆಯದ ಅಂಗಡಿಯಲ್ಲಿ ಈ ಅಳುಕು ಇಮ್ಮಡಿ.

ಸ್ವಾತಂತ್ರ್ಯ ಬಂದ ಮೇಲೆ ಈ ವಿಷಯವನ್ನು ಆಳವಾಗಿ ಯೋಚಿಸಿದವರಲ್ಲಿ ನಮ್ಮ ಕರಾವಳಿಯ ಮಗಳು ಮುಖ್ಯರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಹಳ್ಳಿಯ ಕುಶಲಕರ್ಮಿಯ ಕೆಲಸ ಪಟ್ಟಣದ ಗಿರಾಕಿಯ ಕಣ್ಣಿಗೆ ಬೀಳಬೇಕು, ಅದೂ ಗೌರವದಿಂದ, ಎಂಬುದು ಅವರ ಬಾಳಿನ ದುಡಿಮೆಯಾಯಿತು. ಆ ಮಂಡಳಿ 2020ರಲ್ಲಿ ರದ್ದಾಯಿತು. ನಮ್ಮ ರಾಜ್ಯದಲ್ಲಿ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಆರಂಭವಾಗಿ, ‘ಕಾವೇರಿ’ ಮಳಿಗೆಗಳಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಮರಗೆಲಸವೂ ಗಂಧದ ಕೆತ್ತನೆಯೂ ಒಂದೇ ಸೂರಿನಡಿ ಬಂದವು. 1994ರಲ್ಲಿ ದೆಹಲಿಯಲ್ಲಿ ತೆರೆದ ದಿಲ್ಲಿ ಹಾಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಕರಕುಶಲ ಮಳಿಗೆಗಳನ್ನು ಹದಿನೈದು ದಿನಗಳ ಸರದಿಯ ಮೇಲೆ ಕುಶಲಕರ್ಮಿಗಳಿಗೇ ಕೊಡುವ ಏರ್ಪಾಡು. ಮಾಡಿದವರೇ ವಸ್ತುವಿನ ಹಿಂದೆ ಕುಳಿತರು. ಮತ್ತೆ ಜಗಲಿ ಬಂತು.

ಯಾವ ಮಂಡಳಿಯೂ ಕಲಿಸದೆ ಇದನ್ನು ಅರಿತವರು ನಮ್ಮ ಲಂಬಾಣಿ ಹೆಂಗಸರು. ಉತ್ತರ ಕರ್ನಾಟಕದ ತಾಂಡಾಗಳಿಂದ ಗೋವೆಗೆ ದುಡಿಯಲು ಹೋದ ಅನೇಕರು ಅಂಜುನಾದ ಬುಧವಾರದ ಸಂತೆಯಲ್ಲಿ, ಸಮುದ್ರದ ದಂಡೆಯಲ್ಲಿ ಬಟ್ಟೆ ಹಾಸಿ ಮಣಿಸರ, ಕಾಲ್ಗೆಜ್ಜೆ, ಕನ್ನಡಿ ಕೆಲಸದ ಚೀಲಗಳನ್ನು ಮಾರಿದ್ದಾರೆ. ಅವರ ತಲೆಯ, ಕಿವಿಯ, ತೋಳಿನ ಒಡವೆಗಳಿಗಿಂತ ದೊಡ್ಡ ಜಾಹೀರಾತು ಬೇಕೆ? ಆದರೆ ನೆಲದ ಮೇಲೆ ಬಟ್ಟೆ ಹಾಸಿದವರನ್ನು ಎಬ್ಬಿಸುವುದು ಸುಲಭ. ಬೀದಿ ವ್ಯಾಪಾರಿಗಳ ರಕ್ಷಣೆಗಾಗಿ 2014ರಲ್ಲಿ ಕೇಂದ್ರ ಶಾಸನವೇ ಬಂದಿದೆ. ಊರೂರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿನ ವ್ಯಾಪಾರಿ ಪ್ರತಿನಿಧಿಗಳ ಪೈಕಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ಅಂದವಾಗಿ ಜೋಡಿಸುವ ಮಾತು ಆಮೇಲಿನದು. ಮೊದಲು ಕೂರಲು ಜಾಗ ಬೇಕು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರೇಷ್ಮೆದಾರದ ಬಳೆ, ಸುಟ್ಟ ಮಣ್ಣಿನ ಓಲೆ ಮಾಡುತ್ತಾಳೆ. ಗಂಡನ ಕೆಲಸ ಹೋದ ಮೇಲೆ ಮಗಳ ಕಾಲೇಜಿನ ಫೀಜು ನಿಂತಿರುವುದು ಈ ಬಳೆಗಳ ಮೇಲೆಯೇ. ಸ್ವಸಹಾಯ ಸಂಘಗಳ ಮೇಳದಲ್ಲಿ ಅವಳ ಮೇಜಿನ ಮೇಲೆ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ ರಾಶಿ ಬಿದ್ದಿದ್ದವು. ಸಂಜೆಯವರೆಗೆ ಹೋದದ್ದು ನಾಲ್ಕು ಜೊತೆ. ಅವಳು ಜೊತೆಗೆ ಅರವತ್ತು ರೂಪಾಯಿಯಂತೆ ಸಗಟಾಗಿ ಕೊಟ್ಟ ಅವೇ ಬಳೆಗಳು ಪೇಟೆಯ ಅಂಗಡಿಯೊಂದರಲ್ಲಿ ದೀಪದ ಕೆಳಗೆ, ಕಡ್ಡಿಯ ಸ್ಟ್ಯಾಂಡಿನಲ್ಲಿ ಏರಿ ಕುಳಿತು ನೂರೈವತ್ತಕ್ಕೆ ಹೋಗುತ್ತಿದ್ದವು. ‘ಟೀಚರ್, ನನ್ನ ಬಳೆಯನ್ನು ನಾನೇ ಗುರುತು ಹಿಡಿಯಲಿಲ್ಲ’ ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ತೊಂಬತ್ತು ರೂಪಾಯಿ ಅವಳ ಮಗಳ ಬಸ್ ಚಾರ್ಜು.

ಆಮೇಲಿನ ಮೇಳಕ್ಕೆ ನಾವಿಬ್ಬರೂ ಕುಳಿತು ಯೋಚಿಸಿದೆವು. ಹಳೆಯ ಸುದ್ದಿಪತ್ರಿಕೆಯನ್ನು ಬಿಗಿಯಾಗಿ ಸುತ್ತಿ, ಕಪ್ಪು ಬಟ್ಟೆ ಹೊಲಿದು ಬಳೆಯ ಕಂಬಗಳನ್ನು ಮಾಡಿದಳು. ಹಿಂದೆ ಎತ್ತರ, ಮುಂದೆ ತಗ್ಗು. ದಸರಾ ಬೊಂಬೆಗಳನ್ನು ಮೆಟ್ಟಿಲಲ್ಲಿ ಕೂರಿಸುವ ನಮಗೆ ಇದನ್ನು ಯಾರು ಹೇಳಿಕೊಡಬೇಕು? ಮಿರುಗುವ ದಾರದ ಬಳೆಗೆ ಕಪ್ಪು ಬಟ್ಟೆ, ಕೆಂಪು ಮಣ್ಣಿನ ಓಲೆಗೆ ತಿಳಿ ಬಣ್ಣದ ಖಾದಿ. ಬಣ್ಣಕ್ಕೊಂದು ಗುಂಪು, ಅಳತೆಗೊಂದು ಸಾಲು. ಎಲ್ಲವನ್ನೂ ಒಟ್ಟಿಗೆ ಸುರಿಯದೆ, ಅರ್ಧವನ್ನು ಕೆಳಗೆ ಪೆಟ್ಟಿಗೆಯಲ್ಲಿಟ್ಟಳು. ರೇಷ್ಮೆ ಮಾಸದಂತೆ ಬಿಸಿಲಿನಿಂದ ಓರೆಯಾಗಿ ಮೇಜು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ. ಕಿವಿಯ ಓಲೆಗೆ ಬೇಕೇ ಬೇಕು, ಆದ್ದರಿಂದ ಒಂದು ಕನ್ನಡಿ. ಬೆಲೆಯ ಚೀಟಿ. ಅವಳ ಕೈಯಲ್ಲಿ ಅವಳದೇ ಬಳೆ. ಮುಟ್ಟಿ ನೋಡಲು, ತೊಟ್ಟು ನೋಡಲು ಒಂದು ತಟ್ಟೆಯಲ್ಲಿ ಬೇರೆಯೇ ಬಳೆಗಳು. ಅಂದು ಮೂವತ್ತೊಂದು ಜೊತೆ ಹೋದವು. ಎಲ್ಲ ಮೇಳದಲ್ಲೂ ಹಾಗಾಗುವುದಿಲ್ಲ. ಮಳೆ ಬಂದ ದಿನ ಬಾಡಿಗೆಯೂ ಹುಟ್ಟಿಲ್ಲ. ಆದರೆ ಅಂಗಡಿಯವರಿಗೆ ಅರವತ್ತಕ್ಕೆ ಕೊಡುವುದನ್ನು ಅವಳು ನಿಲ್ಲಿಸಿದ್ದಾಳೆ. ಈಗ ತೊಂಬತ್ತು ಕೇಳುತ್ತಾಳೆ, ಅವರು ಕೊಡುತ್ತಿದ್ದಾರೆ.

ಬೆಲೆಯ ಚೀಟಿಯ ಮೇಲೆ ತನ್ನ ಹೆಸರನ್ನೂ ಬರೆಯಲು ಅವಳು ಮೊದಲು ಒಪ್ಪಲಿಲ್ಲ. ‘ನನ್ನ ಹೆಸರು ಯಾರಿಗೆ ಬೇಕು ಟೀಚರ್?’ ಎಂದಳು. ಹಂಪಿಯ ಬೀದಿಯಲ್ಲಿ ಮಾರಿದ ಹಾರ ಕಟ್ಟಿದವರು ಯಾರು, ಲಂಡನ್ನಿಗೆ ಹೋದ ಒಡವೆಗಳನ್ನು ಕಡೆದವರು ಯಾರು ಎಂದು ನನ್ನ ತರಗತಿಯ ಮಕ್ಕಳು ಕೇಳಿದರೆ ಹೇಳಲು ನನ್ನ ಬಳಿ ಒಂದೂ ಹೆಸರಿಲ್ಲ. ಅದನ್ನೇ ಅವಳಿಗೆ ಹೇಳಿದೆ. ಮರುದಿನ ಎರಡು ಬೆರಳಗಲದ ಚೀಟಿಗಳಲ್ಲಿ, ನಾನೇ ಒಂದು ಕಾಲಕ್ಕೆ ತಿದ್ದಿಸಿದ ದುಂಡು ಅಕ್ಷರದಲ್ಲಿ, ಹೆಸರು, ಊರು, ಬೆಲೆ ಮೂರನ್ನೂ ಬರೆದುಕೊಂಡು ಬಂದಿದ್ದಳು.